ತಮ್ಮನ ಎದೆಗೆ ಆನೆ ಸೊಂಡಿಲು

ಮೊದಲು ಹೋದದ್ದು ನನ್ನ ತಮ್ಮನ ದನಿ. ಅವನು ಗುಡ್ಡದ ಬುಡದಲ್ಲಿ ನಿಂತು ಕೂಗಿದರೆ ರಸ್ತೆಯಲ್ಲಿ ಹೋಗುವ ಬಸ್ಸು ನಿಲ್ಲುತ್ತಿತ್ತು, ಅಂಥ ಗಂಟಲು. ದೀಪಾವಳಿ ಕಳೆದ ಮೇಲೆ ಅದು ಒಡಕು ಮಡಕೆ ಬಡಿದ ಹಾಗೆ ಆಯಿತು. ನೆಗಡಿ ಅಂದುಕೊಂಡೆವು. ಕಾಳುಮೆಣಸಿನ ಕಷಾಯ ಕಾಸಿ ಕೊಟ್ಟೆ. ನೆಗಡಿ ಇದ್ದಿದ್ದರೆ ತಾನೇ ಹೋಗಲಿಕ್ಕೆ.

"ಎಲೆಯಡಿಕೆ ಕವಳ ಕಮ್ಮಿ ಮಾಡೋ" ಅಂದೆ.

"ಕವಳಕ್ಕೂ ಗಂಟಲಿಗೂ ಎಂತ ಸಂಬಂಧ ಅಕ್ಕಯ್ಯ? ನೀನು ಮಾತು ಕಮ್ಮಿ ಮಾಡು, ನನ್ನ ಗಂಟಲು ಸರಿ ಆಗ್ತದೆ."

ಅವನ ಕೆಲಸ ಕಸಿ ಕಟ್ಟುವುದು. ಹೊಳೆ ಬದಿಯ ಒಳ್ಳೆ ಅಪ್ಪೆಮಿಡಿ ಮಾವಿನ ಮರದಿಂದ ಕಡ್ಡಿ ತಂದು, ಕಾಟುಮಾವಿನ ಸಸಿಯ ತಲೆ ಕೊಯ್ದು, ಸೀಳಿ, ಕಡ್ಡಿ ಕೂರಿಸಿ, ಪ್ಲಾಸ್ಟಿಕ್ ಪಟ್ಟಿ ಸುತ್ತುವುದು. ಸಾಗರ, ಹೊಸನಗರ, ತೀರ್ಥಹಳ್ಳಿ ಮೂರು ತಾಲ್ಲೂಕಿನಲ್ಲೂ ಉಪ್ಪಿನಕಾಯಿಗೆ ಮನೆಯದೇ ಮಿಡಿ ಬೇಕು ಅನ್ನುವವರು ಅವನನ್ನು ಕರೆಸುತ್ತಾರೆ. ಹೆಂಡತಿ ಸತ್ತ ಮೇಲೆ ಹೊಸನಗರದ ಹತ್ತಿರ ನಮ್ಮ ಮನೆಯಲ್ಲೇ ಇದ್ದಾನೆ. ಬಾಯಿ ಜೋರು, ಹಟ ಅದಕ್ಕಿಂತ ಜೋರು. ನಾನೂ ಅದೇ ಹೊಟ್ಟೆಯಲ್ಲಿ ಹುಟ್ಟಿದವಳು. ದಿನಕ್ಕೊಂದು ಜಗಳ ಆಗದಿದ್ದರೆ ನಮ್ಮ ಮನೆಯ ನಾಯಿಗೂ ಅನುಮಾನ ಬರುತ್ತಿತ್ತು.

ಆಮೇಲೆ ಹೆಗಲಿನ ಎರಡು ರೆಕ್ಕೆಯ ನಡುವೆ ಬೆನ್ನು ನೋವು ಅಂದ. ನನ್ನ ಮೊಮ್ಮಗಳು ತೀರ್ಥಹಳ್ಳಿಯಲ್ಲಿ ಮೆಡಿಕಲ್ ಶಾಪಿನಲ್ಲಿ ಕೆಲಸಕ್ಕಿದ್ದಾಳೆ. ಔಷಧಿ ಕೊಡುತ್ತಾ ಕೊಡುತ್ತಾ ನಾಲ್ಕು ಅಕ್ಷರ ಹೆಚ್ಚೇ ತಿಳಿದುಕೊಂಡಿದ್ದಾಳೆ. ಅವಳೇ ಈ ಅಜ್ಜನನ್ನು ಹಿಡಿದುಕೊಂಡು ಸಾಗರಕ್ಕೆ ಗಂಟಲು ಡಾಕ್ಟರ ಹತ್ತಿರ ಹೋದಳು. ಡಾಕ್ಟರು ಬಾಯೊಳಗೆ ದೀಪ ಬಿಟ್ಟು ನೋಡಿ, ಗಂಟಲಿಗೆ ಏನೂ ಆಗಿಲ್ಲ, ದನಿಯ ಒಂದು ತಂತು ಅಲ್ಲಾಡುತ್ತಿಲ್ಲ, ಇದರ ಬುಡ ಎದೆಯಲ್ಲಿದೆ ಅಂದರಂತೆ. ಅಲ್ಲಿಂದ ಎಕ್ಸರೇ, ಶಿವಮೊಗ್ಗಕ್ಕೆ ಹೋಗಿ ಸ್ಕ್ಯಾನು. ಸ್ಕ್ಯಾನು ನೋಡಿದವರು ಘಟ್ಟದ ಕೆಳಗಿನ ದೊಡ್ಡ ಆಸ್ಪತ್ರೆಗೆ ಚೀಟಿ ಬರೆದರು. ಚೀಟಿ ಬರೆಯುವಾಗ ಅವರು ನಮ್ಮ ಮುಖ ನೋಡಲಿಲ್ಲ. ಆಗಲೇ ನನಗೆ ಗೊತ್ತಾಯಿತು.

ಘಟ್ಟದ ಕೆಳಗೆ ನಮಗೆ ಸಿಕ್ಕಿದ ಡಾಕ್ಟರು ಎಳೆಯ ಹುಡುಗ, ಉತ್ತರದ ಕಡೆಯವನು, ಕನ್ನಡ ಬಾರದು. ಅವನು ಇಂಗ್ಲಿಷಿನಲ್ಲಿ ಹೇಳುವುದು, ಮೊಮ್ಮಗಳು ಕನ್ನಡ ಮಾಡುವುದು. ಹೃದಯದಿಂದ ಹೊರಡುವ ದೊಡ್ಡ ರಕ್ತನಾಳ ಮೇಲೆ ಹೋಗಿ, ಕೊಡೆಯ ಹಿಡಿಕೆ ಥರ ಬಾಗಿ, ಬೆನ್ನಿನ ಬದಿಯಲ್ಲಿ ಕೆಳಗಿಳಿಯುತ್ತದಂತೆ. ತಮ್ಮನಿಗೆ ಆ ಬಾಗಿದ ಜಾಗದಲ್ಲೂ ಅದರ ಕೆಳಗೂ ಉಬ್ಬಿಕೊಂಡಿತ್ತು. ಕಂಪ್ಯೂಟರಿನ ಚಿತ್ರದಲ್ಲಿ ನಾನೇ ನೋಡಿದೆ, ಕಪ್ಪೆ ನುಂಗಿದ ಕೇರೆ ಹಾವಿನ ಹಾಗೆ. ದನಿಯ ನರ ಆ ಬಾಗಿನ ಅಡಿಯಲ್ಲೇ ಸುತ್ತಿ ಹೋಗುತ್ತದೆ, ಉಬ್ಬು ಅದನ್ನು ಜಗ್ಗಿದೆ. ದನಿ ಹೋದದ್ದು ಅದಕ್ಕೆ.

"ಒಡೆದ್ರೆ?" ಅಂದೆ.

ಮೊಮ್ಮಗಳು ಅದನ್ನು ಇಂಗ್ಲಿಷ್ ಮಾಡಿ ಕೇಳಲಿಲ್ಲ. ಆ ಹುಡುಗನಿಗೆ ನನ್ನ ಮುಖ ನೋಡಿಯೇ ತಿಳಿಯಿತು. ತಲೆ ಅಲ್ಲಾಡಿಸಿದ.

ಭಾರ ಎತ್ತಬಾರದು, ತಿಣುಕಬಾರದು, ಬಿಪಿ ಮಾತ್ರೆ ತಪ್ಪಿಸಬಾರದು. ಎಲ್ಲಕ್ಕಿಂತ ಹೆಚ್ಚಾಗಿ ಸಿಟ್ಟು ಬರಬಾರದು. ಬೇಗ ಆಪರೇಷನ್ ಮಾಡಬೇಕು. ಏನು ಮಾಡುತ್ತಾರೆ ಅಂತ ತಮ್ಮ ಕೇಳಿದ. ಡಾಕ್ಟರು ಹೇಳಿದ್ದರಲ್ಲಿ ಗ್ರಾಫ್ಟ್ ಅನ್ನುವ ಒಂದು ಮಾತು ಮೊಮ್ಮಗಳಿಗೆ ತಿಳಿಯಲಿಲ್ಲ. ಮೊಬೈಲಿನಲ್ಲಿ ಹುಡುಕಿ, "ಕಸಿ ಅಜ್ಜ, ಕಸಿ ಮಾಡ್ತಾರಂತೆ" ಅಂದಳು. ಡಾಕ್ಟರು ಮತ್ತೇನೋ ಹೇಳಿದ, ಕೈಯನ್ನು ಉದ್ದಕ್ಕೆ ಕೆಳಗೆ ಇಳಿಬಿಟ್ಟು ಆಡಿಸಿ ತೋರಿಸಿದ. ಅವಳು ಎರಡು ಸಲ ಕೇಳಿಕೊಂಡಳು. "ಈ ಆಪರೇಷನ್‌ಗೆ ಆನೆ ಸೊಂಡಿಲು ಅಂತಾರಂತೆ. ಆನೆ ಸೊಂಡಿಲು ಕಸಿ."

ತಮ್ಮ "ಹೂಂ" ಅಂದ. ಆಗುಂಬೆ ಘಾಟಿ ಹತ್ತಿ ಮನೆ ಮುಟ್ಟುವ ತನಕ ಬಸ್ಸಿನ ಕಿಟಕಿಯ ಹೊರಗೇ ನೋಡುತ್ತಿದ್ದ. ಮಾರನೆಯ ದಿನ ಬೆಳಿಗ್ಗೆ ಕಾಫಿ ಲೋಟ ಇಟ್ಟು, "ನಾನು ಆಪರೇಷನ್ ಮಾಡಿಸ್ಕೊಳ್ಳೂದಿಲ್ಲ" ಅಂದ.

"ಯಾಕೆ?"

"ಇಲ್ಲ ಅಂದ್ರೆ ಇಲ್ಲ."

ಬೇರೆ ದಿನ ಆಗಿದ್ದರೆ ಲೋಟ ಅವನ ತಲೆಯ ಮೇಲೆ ಇರುತ್ತಿತ್ತು. ಈಗ ಹಾಗಲ್ಲ. ಅವನಿಗೆ ಸಿಟ್ಟು ಬಂದರೆ ಎದೆಯೊಳಗೆ ಆ ಹಾವು ಒಡೆಯುತ್ತದೆ. ಬೈಯದೆ ಅವನನ್ನು ಒಪ್ಪಿಸುವ ದಾರಿ ನನಗೆ ಹುಟ್ಟಿನಿಂದ ಗೊತ್ತಿಲ್ಲ. ನನ್ನ ಮಗನಿಗೆ ಹೇಳಿದೆ, ಸೊಸೆಗೆ ಹೇಳಿದೆ, ಯಾರೂ ಮಾವನ ಹತ್ತಿರ ಎದುರುಮಾತು ಆಡಬೇಡಿ. ಮನೆಯೊಳಗೆ ಎಲ್ಲರೂ ಬಾಣಂತಿ ಮಲಗಿದ ಕೋಣೆಯ ಹೊರಗೆ ನಡೆದ ಹಾಗೆ ನಡೆಯುತ್ತಿದ್ದೆವು. ಅವನು ಸೀನಿದರೆ ನನ್ನ ಕೈಯಲ್ಲಿದ್ದ ಸೌಟು ನಿಲ್ಲುತ್ತಿತ್ತು. ಬಚ್ಚಲಿಗೆ ಹೋಗಿ ಸ್ವಲ್ಪ ತಡವಾದರೆ ಬಾಗಿಲ ಹೊರಗೆ ನಿಂತು ಸುಮ್ಮನೆ ಕೆಮ್ಮುತ್ತಿದ್ದೆ, ಅವನೂ ಒಳಗಿಂದ ಕೆಮ್ಮಿದರೆ ಸಮಾಧಾನ.

ಅವನಿಗೆ ಇದು ತಿಳಿಯದೆ ಇರುತ್ತದಾ? ಚೆನ್ನಾಗಿ ತಿಳಿಯಿತು. ಹಾಸಿದ ಚಾಪೆಯ ಮೇಲೆ ಮಣ್ಣುಕಾಲು ಇಡುವುದು, ಸಾರಿಗೆ ಉಪ್ಪಿಲ್ಲ ಅಂತ ತಟ್ಟೆ ದೂಡುವುದು. ಉಪ್ಪು ಕಮ್ಮಿ ಮಾಡಲಿಕ್ಕೆ ಹೇಳಿದ್ದೇ ಡಾಕ್ಟರು.

"ಬೈಯಿ ಅಕ್ಕಯ್ಯ, ನೋಡಾಣ. ಬಾಯಿ ಕಟ್ಟಿ ಹೋಯ್ತಾ?"

"ನಿನ್ನ ಯೋಗ್ಯತೆಗೆ ಬೈಗುಳ ಖರ್ಚು ಮಾಡಲ್ಲ ಹೋಗು" ಅಂತ ನಗುನಗುತ್ತಾ ಹೇಳಿ ಹಿತ್ತಲಿಗೆ ಹೋಗಿ ಬಟ್ಟೆ ಒಗೆಯುತ್ತಿದ್ದೆ. ಆ ತಿಂಗಳು ನಮ್ಮ ಮನೆಯ ಬಟ್ಟೆ ಒಗೆದದ್ದಲ್ಲ, ಹೊಡೆದದ್ದು. ಎರಡು ಸೀರೆ ಹರಿದೇ ಹೋದವು.

ಹೀಗೇ ನಡೆಯುವ ಹೊತ್ತಿಗೆ ಒಂದು ಬೆಳಿಗ್ಗೆ ಅವನು ಸಸಿಗಳ ಮುಂದೆ ಕುಕ್ಕರುಗಾಲಲ್ಲಿ ಕೂತು ಕಸಿ ಕಟ್ಟುತ್ತಿದ್ದ. ಮೊಮ್ಮಗಳು ರಜೆಯಲ್ಲಿ ಬಂದಿದ್ದಳು. ಅವಳೇ ಮೆಲ್ಲಗೆ ತೆಗೆದಳು. "ಅಜ್ಜ, ಹೆದರಿಕೆನಾ?"

"ಹೆದರಿಕೆ ಎಂತದ್ದು? ನೀನು ಹೇಳು. ಮಾವಿಗೆ ಹಲಸಿನ ಕಡ್ಡಿ ಕಟ್ಟಿದ್ರೆ ಹಿಡೀತದಾ?"

"ಇಲ್ಲ."

"ಮಾವಿಗೆ ಮಾವೇ ಆಗ್ಬೇಕು. ಅದ್ರಲ್ಲೂ ಎಷ್ಟು ಒಣಗಿ ಹೋಗ್ತಾವೆ ನಂಗೊತ್ತು. ಹಂಗಿರೋವಾಗ ಮನುಷ್ಯನಿಗೆ ಆನೆ ಕಟ್ಟಿದ್ರೆ ಹಿಡೀತದಾ? ಹಿಡಿದ್ರೂ ಮುಂದೆ ಬಿಡೋ ಹಣ್ಣು ಕಡ್ಡಿದು, ಬುಡದ್ದಲ್ಲ. ಆಮೇಲೆ ನಾನು ಎಂತ ಆಗ್ಬೇಕು? ಗಣಪತಿಗೆ ಕೈಮುಗಿದು ಬಂದವನು ಆನೆ ಕೊಯ್ದ ಮಾಂಸ ಎದೇಲಿಟ್ಕಂಡು ಬದುಕೂದಿಲ್ಲ."

ಮೊಮ್ಮಗಳಿಗೆ ಒಂದು ಗಳಿಗೆ ಏನೂ ಅರ್ಥವಾಗಲಿಲ್ಲ. ಆಮೇಲೆ ನಗು ಬಂತು, ನಗುತ್ತಾ ನಗುತ್ತಾ ಅಲ್ಲೇ ಕೂತು ಅಳಲಿಕ್ಕೆ ಶುರು ಮಾಡಿದಳು. ನನಗೆ ನಗು ಬರಲಿಲ್ಲ. ನಾನೂ ಅದನ್ನೇ ಅಂದುಕೊಂಡಿದ್ದೆ. ಸಾಗರದಲ್ಲಿ ಯಾರಿಗೋ ಹೃದಯದ ಕವಾಟಕ್ಕೆ ಹಂದಿಯದು ಹಾಕಿದ್ದಾರೆ ಅಂತ ಕೇಳಿದ್ದೆ. ಹಂದಿಯದು ಆಗುತ್ತದೆ ಅಂದ ಮೇಲೆ ಆನೆಯದು ಆಗದೆ ಏನು, ಗಟ್ಟಿ ಇರುತ್ತದೆ, ಒಳ್ಳೆಯದೇ ಆಯ್ತು ಅಂತ ಸುಮ್ಮನಿದ್ದೆ.

"ಆನೆ ಅಲ್ಲ ಅಜ್ಜ! ಹೆಸರು ಅಷ್ಟೇ. ಅದೊಂದು ಕೊಳವೆ. ಸೊಂಡಿಲ ಥರ ನೇತಾಡ್ತದೆ ಅಂತ ಹಂಗೆ ಕರೀತಾರೆ."

"ಕಸಿ ಅಂದವಳು ನೀನೇ."

"ಮೊಬೈಲ್‌ನಲ್ಲಿ ಹಂಗೆ ಬಂತು."

"ಅವತ್ತು ಕಸಿ, ಇವತ್ತು ಕೊಳವೆ. ಸಿಟ್ಟು ಬರಬಾರ್ದು ಅಂತ ಮುದುಕನಿಗೆ ಸುಳ್ಳು ಹೇಳ್ತಿದೀರಿ ಎಲ್ಲರೂ. ನಿಮ್ಮಜ್ಜಿ ಒಂದು ತಿಂಗಳಿಂದ ಬೈದಿಲ್ಲ. ಅದ್ರಲ್ಲೇ ಗೊತ್ತಾಗ್ತದೆ ನಂಗೆ, ಇಡೀ ಮನೆಯೇ ನಾಟಕ."

ಅವನ ಒಡಕು ದನಿ ಏರುತ್ತಿತ್ತು. ಕುತ್ತಿಗೆಯ ನರ ಕುಣಿಯುವುದು ನನಗೆ ಕಾಣುತ್ತಿತ್ತು. ನಾನು ಮೊಮ್ಮಗಳ ರಟ್ಟೆ ಹಿಡಿದು ಎಬ್ಬಿಸಿದೆ. "ಸುಮ್ಮನಿರು. ಆಯ್ತಪ್ಪಾ, ಆನೆಯೇ. ನೀನು ಹೇಳಿದ್ದೇ ಸರಿ. ಅದನ್ನ ಕಣ್ಣಾರೆ ನೋಡಿ ಆಮೇಲೆ ಬೇಡ ಅನ್ನು. ಕಡ್ಡಿ ನೋಡದೆ ಕಸಿ ಕಟ್ಟುತ್ತೀಯಾ ನೀನು?"

ಅವನು ಹಿಡಿದಿದ್ದ ಸಸಿಗೆ ಪಟ್ಟಿ ಸುತ್ತಿ ಮುಗಿಸಿದ. "ತೋರಿಸಲಿ ಹಂಗಾದ್ರೆ" ಅಂದ. ಹೋಗುವುದು ಯಾವತ್ತು ಅಂತ ಕೇಳುವ ಧೈರ್ಯ ನಮಗೆ ಆಗಲಿಲ್ಲ. ಆ ದಿನವನ್ನು ಅವನ ಎದೆಯೇ ಗೊತ್ತು ಮಾಡಿತು. ಅದೇ ವಾರ ಒಂದು ದಿನ ತಿಂಡಿ ತಿನ್ನುತ್ತಿದ್ದವನು ತಟ್ಟೆ ಬಿಟ್ಟು ಗೋಡೆಗೆ ಒರಗಿದ. ಬೆನ್ನಿನಲ್ಲಿ ಯಾರೋ ಸೀಳಿದ ಹಾಗಾಯ್ತು ಅಂದ. ಮೈಯೆಲ್ಲ ಬೆವರು.

ಪಕ್ಕದ ಮನೆಯ ಕಾರು ಬಂತು. ಹೊಸನಗರದ ಆಸ್ಪತ್ರೆಯಲ್ಲಿ ಬಿಪಿ ಇಳಿಯಲಿಕ್ಕೆ ಸೂಜಿ ಹಾಕಿ, ಈಗಲೇ ಹೊರಡಿ ಅಂದರು. ಆಂಬುಲೆನ್ಸು ಬೇರೆ ಕಡೆ ಹೋಗಿತ್ತು, ಕಾಯುವ ಹಾಗಿರಲಿಲ್ಲ. ಒಬ್ಬ ನರ್ಸನ್ನು ಜೊತೆಗೆ ಕೂರಿಸಿ ಅದೇ ಕಾರಿನಲ್ಲಿ ಕಳಿಸಿದರು. ಡ್ರೈವರ್ ಕೇಳಿದ, ಹುಲಿಕಲ್ ಘಾಟಿಯಾ, ಆಗುಂಬೆಯಾ ಅಂತ. ಹುಲಿಕಲ್ ಹತ್ತಿರ, ಆದರೆ ಆ ವರ್ಷ ರಸ್ತೆ ಕಿತ್ತು ಹೋಗಿತ್ತು, ಗುಂಡಿಗೆ ಇಳಿದರೆ ಕಾರು ಎತ್ತಿ ಹಾಕುತ್ತದೆ. ಆಗುಂಬೆ ಸುತ್ತು, ತಿರುವು ಒಂದರ ಬೆನ್ನಿಗೆ ಒಂದು. ಎಲ್ಲರೂ ನನ್ನ ಮುಖ ನೋಡಿದರು. ಹೊತ್ತು ಉಳಿಸಬೇಕಾ, ಮೈ ಉಳಿಸಬೇಕಾ, ನನಗೇನು ಗೊತ್ತು?

"ಆಗುಂಬೆ. ಕುಲುಕಬೇಡ" ಅಂದೆ.

ರಜೆ ಮುಗಿಸಿ ಹೋಗಿದ್ದ ಮೊಮ್ಮಗಳು, ಫೋನು ಮಾಡಿದ್ದಕ್ಕೆ, ತೀರ್ಥಹಳ್ಳಿ ಬಸ್‌ಸ್ಟ್ಯಾಂಡಿನ ಹತ್ತಿರ ಕಾಯುತ್ತಿದ್ದಳು. ಕಾರು ಪೂರ್ತಿ ನಿಲ್ಲುವ ಮೊದಲೇ ಹತ್ತಿದಳು. ಘಾಟಿಯ ಒಂದು ತಿರುವಿನಲ್ಲಿ ಕೆಳಗಿಂದ ಮಿನಿ ಬಸ್ಸು ಬಂತು, ಡ್ರೈವರ್ ಬ್ರೇಕು ಒತ್ತಿದ, ತಮ್ಮ ಮುಂದಕ್ಕೆ ವಾಲಿದ. ನಾನು ಹಿಂದಿನಿಂದ ಅವನ ಎರಡು ಭುಜ ಹಿಡಿದುಕೊಂಡಿದ್ದೆ. ಅವನ ಎದೆಯ ಬಡಿತ ನನ್ನ ಅಂಗೈಗೆ ಸಿಗುತ್ತಿತ್ತು. ಮಾತಾಡಬೇಡ ಅಂತ ನರ್ಸು ಹೇಳಿದ್ದರೂ ಅವನು, "ಅಕ್ಕಯ್ಯ, ಆ ತಟ್ಟೇಲಿಟ್ಟ ಕಸಿ ಸಸಿಗೆ ನೀರು ಹಾಕ್ಸು" ಅಂದ.

"ಬಾಯಿ ಮುಚ್ಚು." ನಾನು ಮೆಲ್ಲಗೇ ಅಂದದ್ದು, ಅದು ಬೈಗುಳದ ಲೆಕ್ಕಕ್ಕೆ ಬರುವುದಿಲ್ಲ.

ಘಟ್ಟದ ಕೆಳಗಿನ ಆಸ್ಪತ್ರೆಯಲ್ಲಿ ಮತ್ತೆ ಸ್ಕ್ಯಾನು ಮಾಡಿ, ಉಬ್ಬು ಇನ್ನೂ ಒಡೆದಿಲ್ಲ, ಸ್ವಲ್ಪ ದೊಡ್ಡದಾಗಿದೆ ಅಂದರು. ಈ ಸಲ ಬಂದದ್ದು ದೊಡ್ಡ ಡಾಕ್ಟರು, ಕರಾವಳಿಯವರು, ತಲೆ ನೆರೆತಿತ್ತು. ಮೊಮ್ಮಗಳು ಆನೆಯ ಕಥೆ ಹೇಳಿದಳು. ಆ ಮನುಷ್ಯ ನಗಲಿಲ್ಲ. ಅದಕ್ಕೇ ನನಗೆ ಅವರ ಮೇಲೆ ನಂಬಿಕೆ ಬಂತು. ಯಾರಿಗೋ ಹೇಳಿ ರೋಗಿಗಳಿಗೆ ತೋರಿಸಲಿಕ್ಕೆ ಇಟ್ಟ ಒಂದು ಕೊಳವೆ ತರಿಸಿದರು. ಬೆಳ್ಳಗಿತ್ತು, ಹೆಬ್ಬೆರಳಿಗಿಂತ ದಪ್ಪ, ಉದ್ದಕ್ಕೂ ಸಣ್ಣ ಸಣ್ಣ ನೆರಿಗೆ. ಮಂಚದ ಮೇಲೆ ಒರಗಿದ್ದ ತಮ್ಮನ ಕೈಗೆ ಕೊಟ್ಟರು.

ಅವನು ಅದನ್ನು ಎಳೆದ, ಬಗ್ಗಿಸಿದ. ಮೂಗಿಗೆ ಹಿಡಿದು ಮೂಸಿದ.

"ಇದು ಯಾವ ಜಾತಿದು?"

"ಆನೆಯೂ ಅಲ್ಲ, ಹಂದಿಯೂ ಅಲ್ಲ ಮಾರಾಯ್ರೆ. ಬಟ್ಟೆ. ಪಾಲಿಯೆಸ್ಟರ್ ನೂಲಿಂದ ನೇಯ್ದದ್ದು."

"ನನ್ನ ಸೀರೆನೂ ಅದೇ" ಅಂದೆ ನಾನು.

"ಹೌದಮ್ಮ, ಅದೇ ನೂಲು. ಇದು ಸ್ವಲ್ಪ ಬಿಗಿ ನೇಯ್ಗೆ."

ಕೆಟ್ಟ ನಾಳ ಕೊಯ್ದು ತೆಗೆದು ಆ ಜಾಗಕ್ಕೆ ಇದನ್ನು ಹೊಲಿಯುತ್ತಾರೆ. ತಲೆಗೂ ಕೈಗೂ ಹೋಗುವ ನಾಳಗಳನ್ನು ಇದಕ್ಕೆ ಜೋಡಿಸುತ್ತಾರೆ. ಬೆನ್ನಿನ ಕಡೆಯ ಉಬ್ಬನ್ನು ಅದೇ ದಿನ ಮುಟ್ಟುವುದಿಲ್ಲ, ಮೈ ತಡೆಯುವುದಿಲ್ಲ. ಅದಕ್ಕೆ ಕೊಳವೆಯ ಬಾಲವನ್ನು ಕೆಳಗಿನ ನಾಳದೊಳಗೆ ಇಳಿಬಿಟ್ಟು ಹಾಗೇ ಬಿಡುತ್ತಾರೆ, ರಕ್ತದಲ್ಲಿ ನೇತಾಡಿಕೊಂಡು ಇರುತ್ತದೆ. ಮುಂದೆ ಎರಡನೇ ಸಲ ಬಂದಾಗ ಎದೆ ಕೊಯ್ಯದೆ ತೊಡೆಯ ನಾಳದಿಂದ ಮಡಚಿದ ಇನ್ನೊಂದು ಕೊಳವೆ ಕಳಿಸಿ, ಆ ಬಾಲದ ಬಾಯಿಯಲ್ಲಿ ಕೂರಿಸಿ ಬಿಚ್ಚುತ್ತಾರೆ. ಬಾಲ ಇಲ್ಲದಿದ್ದರೆ ಎರಡನೆಯದಕ್ಕೆ ಹಿಡಿಯಲಿಕ್ಕೆ ಜಾಗ ಇಲ್ಲ. "ಆ ಬಾಲಕ್ಕೆ ನಾವು ಸೊಂಡಿಲು ಅಂತೇವೆ. ಆಡುಮಾತು ಅಷ್ಟೆ."

ತಮ್ಮ ಬಿಡಲಿಲ್ಲ. "ಬಟ್ಟೆಗೆ ಜೀವ ಇಲ್ಲ. ಹಿಡಿಯೂದು ಹೆಂಗೆ?"

"ಹಿಡಿಯುವುದು ಬೇಡ. ಹೊಲಿಗೆಯೇ ಹಿಡಿದಿರ್ತದೆ. ಒಳಗೆ ನಿಮ್ಮ ಮೈಯೇ ಅದರ ಮೇಲೆ ತೆಳ್ಳಗೆ ಒಂದು ಪೊರೆ ಹಾಸ್ತದೆ."

"ಒಣಗೂದಿಲ್ಲ?"

"ಒಣಗಲಿಕ್ಕೆ ಅದು ಹಸಿಯೇ ಅಲ್ಲವಲ್ಲ."

ತಮ್ಮ ಕೊಳವೆಯನ್ನು ನನ್ನ ಕೈಗೆ ಕೊಟ್ಟ. "ಇದು ಕಸಿ ಎಂತದು? ತೇಪೆ! ತೇಪೆ ಹಾಕೋದಕ್ಕೆ ಕಸಿ ಅಂತ ಯಾರಾದ್ರೂ ಅಂತಾರಾ? ಮೊದ್ಲೇ ತೇಪೆ ಅಂದಿದ್ರೆ ನಾನು ಅವತ್ತೇ ಮಲಗ್ತಿದ್ದೆ." ಮೊಮ್ಮಗಳ ಕಡೆ ನೋಡಿ, "ಕಾಲೇಜು ಓದಿದವಳು, ಕಸಿಗೂ ತೇಪೆಗೂ ವ್ಯತ್ಯಾಸ ಗೊತ್ತಿಲ್ಲ" ಅಂದ. ಅವಳು ಮೂಗು ಒರೆಸಿಕೊಂಡು "ಆಯ್ತು ಅಜ್ಜ, ತೇಪೆ" ಅಂದಳು.

ಡಾಕ್ಟರು ಮುಂದಿನದ್ದನ್ನೂ ಮುಚ್ಚಿಡಲಿಲ್ಲ. ಹೃದಯ ನಿಲ್ಲಿಸುತ್ತಾರೆ, ಮಿಷನ್ನು ರಕ್ತ ತಿರುಗಿಸುತ್ತದೆ. ಮೈಯನ್ನು ತಣ್ಣಗೆ ಮಾಡಿ, ಬಾಗಿದ ಜಾಗ ಹೊಲಿಯುವಷ್ಟು ಹೊತ್ತು ಮೈಗೆ ಹೋಗುವ ರಕ್ತವನ್ನೇ ನಿಲ್ಲಿಸಿ, ಮಿದುಳಿಗೆ ಮಾತ್ರ ಬೇರೆ ಕೊಳವೆಯಲ್ಲಿ ಬಿಡುತ್ತಾರೆ. ಏಳದೆ ಇರಬಹುದು. ಎದ್ದರೂ ಮಿದುಳಿಗೆ ಪೆಟ್ಟಾಗಿರಬಹುದು, ಬೆನ್ನುಹುರಿಗೆ ರಕ್ತ ಕಮ್ಮಿಯಾದರೆ ಕಾಲು ಹೋಗಬಹುದು. ದನಿ ವಾಪಸು ಬರುತ್ತದೆ ಅಂತ ಹೇಳುವುದಿಲ್ಲ.

"ಮಾಡಿಸದಿದ್ರೆ?" ನಾನು ಕೇಳಿದೆ.

"ಒಡೆದರೆ ಘಟ್ಟ ಇಳಿಯುವಷ್ಟು ಹೊತ್ತು ಸಿಗುವುದಿಲ್ಲಮ್ಮ."

"ಮಾಡಿ" ಅಂದ ತಮ್ಮ. ನನ್ನನ್ನು ಕೇಳಲೇ ಇಲ್ಲ. ಅದೂ ಅವನ ಬುದ್ಧಿಯೇ.

ಬೆಳಿಗ್ಗೆ ಒಳಗೆ ಕರೆದುಕೊಂಡು ಹೋದರು. ನಾನು ಬೆಂಚಿನ ಮೇಲೆ ಕೂತೆ. ಮೊಮ್ಮಗಳು ದೇವರ ಹೆಸರು ಹೇಳುತ್ತಿದ್ದಳು, ನನಗೆ ಆಗಲಿಲ್ಲ. ಈಗ ಒಳಗೆ ಅವನ ಹೃದಯ ನಿಂತಿರಬಹುದು, ಮೈ ಹಿಮದ ಹಾಗೆ ಆಗಿರಬಹುದು. ಸತ್ತವನಿಗೂ ಅವನಿಗೂ ಈಗ ಏನು ವ್ಯತ್ಯಾಸ ಅಂತ ಯೋಚನೆ ಬಂತು, ಬಂದದ್ದನ್ನು ಬರೆಯುತ್ತಿದ್ದೇನೆ. ಮಧ್ಯಾಹ್ನ ದಾಟಿದ ಮೇಲೆ ಒಬ್ಬ ನರ್ಸು ಓಡಿ ಬಂದಳು. ಹೊಲಿಗೆ ಮುಗಿದಿದೆ, ರಕ್ತ ಜಿನುಗುವುದು ನಿಂತಿಲ್ಲ, ಇನ್ನೂ ರಕ್ತ ಬೇಕು. ಮೊಮ್ಮಗಳು ಮೇಲೆ ಕೆಳಗೆ ಓಡಿದಳು. ಡ್ರೈವರ್ ರಕ್ತ ಕೊಡಲಿಕ್ಕೆ ಅಂಗಿಯ ತೋಳು ಮಡಚಿಕೊಂಡು ಅವಳ ಹಿಂದೆ ಹೋದ. ನನ್ನದನ್ನೂ ತೆಗೆಯಿರಿ ಅಂದೆ. ವಯಸ್ಸಾಯ್ತಮ್ಮ, ಕೂತ್ಕೊಳ್ಳಿ ಅಂದರು. ಕೂತುಕೊಂಡೆ. ಬೇರೆ ಏನು ಮಾಡಲಿ?

ದೀಪ ಹಾಕುವ ಹೊತ್ತಿಗೆ ದೊಡ್ಡ ಡಾಕ್ಟರು ಹೊರಗೆ ಬಂದು, "ರಕ್ತ ನಿಂತಿದೆ. ಎಚ್ಚರ ಆಗಲಿ, ಕಾಲು ನೋಡುವ" ಅಂದರು. ಚೆನ್ನಾಗಿ ಆಯಿತು ಅನ್ನಲಿಲ್ಲ.

ಮಾರನೆಯ ದಿನ ನನ್ನನ್ನು ಒಳಗೆ ಬಿಟ್ಟರು. ಬಾಯಿ ತುಂಬ ಕೊಳವೆ, ಕಣ್ಣು ಅರೆ ತೆರೆದಿತ್ತು. ಎಳೆಯ ಡಾಕ್ಟರು ಕಾಲ ಹತ್ತಿರ ನಿಂತು ಬೆರಳು ತೋರಿಸಿ ಏನೋ ಹೇಳಿದ. ನರ್ಸು ಕನ್ನಡದಲ್ಲಿ, "ಕಾಲು ಬೆರಳು ಅಲ್ಲಾಡ್ಸಿ ಅಜ್ಜ" ಅಂದಳು. ಎಡಗಾಲಿನ ಹೆಬ್ಬೆರಳು ಅಲ್ಲಾಡಿತು. ಬಲಗಾಲು ಅಲ್ಲಾಡಲಿಲ್ಲ. ಇನ್ನೊಂದು ಸಲ ಹೇಳಿದಳು. ಇಲ್ಲ. ಎಳೆಯ ಡಾಕ್ಟರು ನರ್ಸಿನ ಮುಖ ನೋಡಿದ, ನರ್ಸು ನೆಲ ನೋಡಿದಳು. ಸ್ಕ್ಯಾನು ನೋಡಿ ಚೀಟಿ ಬರೆದವರೂ ಹೀಗೇ ನಮ್ಮ ಮುಖ ತಪ್ಪಿಸಿದ್ದು.

"ಅಲ್ಲಾಡ್ಸೋ ಮುಂಡೇದೇ!" ಅಂದೆ. ಬಾಯಿಂದ ಬಂದೇ ಹೋಯಿತು, ಇಡೀ ವಾರ್ಡು ತಿರುಗಿ ನೋಡುವಷ್ಟು ಜೋರಾಗಿ. "ಒಂದು ತಿಂಗಳು ಕುಣಿಸಿದ್ದೀಯ ನನ್ನ! ಮಣ್ಣುಕಾಲು ಚಾಪೆ ಮೇಲೆ ಇಡೋಕೆ ಬರ್ತದೆ, ಈಗ ಅಲ್ಲಾಡ್ಸೋಕೆ ಎಂತ ದೊಡ್ಡರೋಗ? ಅಲ್ಲಾಡ್ಸು!"

ನರ್ಸು ನನ್ನ ತೋಳು ಹಿಡಿದು ಎಳೆದಳು. ಮಂಚದ ಪಕ್ಕದ ಮಿಷನ್ನು ಕುಯ್ಯೋ ಅಂದಿತು. ಬಲಗಾಲಿನ ಬೆರಳು ಸ್ವಲ್ಪ ಬಾಗಿತು. ಆಮೇಲೆ ಪಾದ.

ನಾನು ಬೈದದ್ದಕ್ಕೆ ಅಲ್ಲಾಡಿತು ಅಂತ ಊರಲ್ಲಿ ಹೇಳುತ್ತಾರೆ. ಹಾಗೇನಿಲ್ಲ. ಮದ್ದಿನ ಮಂಪರು ಇಳಿಯುವ ಹೊತ್ತು ಅದು, ಸ್ವಲ್ಪ ತಡೆದಿದ್ದರೆ ತಾನೇ ಅಲ್ಲಾಡುತ್ತಿತ್ತು. ದೊಡ್ಡ ಡಾಕ್ಟರು ನನ್ನನ್ನು ಹೊರಗೆ ಕರೆದು ಚೆನ್ನಾಗಿ ಬೈದರು. ನಾನು ಕೇಳಿಸಿಕೊಂಡೆ. ಬೈಗುಳ ತಿಂದು ಅಷ್ಟು ಖುಷಿಯಾದದ್ದು ಅದೊಂದೇ ಸಲ.

ಮನೆಗೆ ಹೊರಡುವ ದಿನ ಅವರನ್ನು ಕೇಳಿದೆ, "ಡಾಕ್ಟ್ರೇ, ಇನ್ನು ಇವನಿಗೆ ಬೈಬಹುದಾ?"

"ಅಯ್ಯೋ ಬೇಡಮ್ಮ. ಕೆಳಗಿನ ಉಬ್ಬು ಹಾಗೇ ಇದೆ. ಸೊಂಡಿಲು ನೇತಾಡ್ತಾ ಉಂಟು. ಮಳೆಗಾಲ ಮುಗಿಸಿ ಬನ್ನಿ, ಅದನ್ನೂ ಮುಚ್ಚುವ. ಅಲ್ಲಿಯ ತನಕ ಬಿಪಿ ಏರಬಾರದು."

ಈಗ ತಮ್ಮ ಜಗಲಿಯಲ್ಲಿ ಕೂತು ಸಸಿ ಸೀಳುತ್ತಿದ್ದಾನೆ. ತಟ್ಟೆಯಲ್ಲಿದ್ದ ಹಳೆ ಕಸಿಗಳಲ್ಲಿ ಅರ್ಧ ಒಣಗಿದವು, ನೀರು ಹಾಕಿಸಲಿಲ್ಲ ಅಂತ ನನ್ನ ಮೇಲೆ ಅಪವಾದ. ದನಿ ಬಂದಿಲ್ಲ, ಬರುವುದೂ ಇಲ್ಲ ಅಂತ ಕಾಣುತ್ತದೆ. ಮಾತಾಡಿದರೆ ಒಣಗಿದ ಅಡಿಕೆ ಸೋಗೆ ಎಳೆದ ಹಾಗೆ. ಎರಡನೆಯದಕ್ಕೆ ಬರುತ್ತೀಯಾ ಅಂತ ಕೇಳಿದರೆ, "ಅರ್ಧ ತೇಪೆ ಹಾಕ್ಕಂಡು ಯಾರು ತಿರುಗ್ತಾರೆ?" ಅನ್ನುತ್ತಾನೆ.

ನಿನ್ನೆ ಸಾರಿಗೆ ಉಪ್ಪಿಲ್ಲ ಅಂತ ಮತ್ತೆ ತಟ್ಟೆ ದೂಡಿದ. "ಬೈಯಿ ಅಕ್ಕಯ್ಯ, ನೋಡಾಣ" ಅಂದ, ಆ ಸೋಗೆ ದನಿಯಲ್ಲೇ.

"ಮಳೆಗಾಲ ಮುಗೀಲಿ" ಅಂತ ಹೇಳಿ ನಾನು ಬಟ್ಟೆ ತೆಗೆದುಕೊಂಡು ಹಿತ್ತಲಿಗೆ ಹೋದೆ.